ಕೋಟೆ, ಪೇಟೆ, ಗುಡ್ಡ, ಹೊಳೆ

ಬೆಳಗಾವಿ ಜಿಲ್ಲೆಯ ತೆಂಕಣ ಭಾಗದಲ್ಲಿ ಪಡುವಣದಿಂದ ಮೂಡಣಕ್ಕೆ ಸಾಗಿದರೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಊರುಗಳು ಒಂದರ ಮುಂದೊಂದು ಬರುತ್ತವೆ. ಕಿತ್ತೂರು ಮಲೆನಾಡಿನ ಸೆರಗಿನಲ್ಲಿದೆ. ರಾಮದುರ್ಗವನ್ನು ಸೇರುವಷ್ಟರಲ್ಲಿ ಮಳೆ ಕಡಿಮೆಯಾಗಿ ಬಯಲುಸೀಮೆ ಕಣ್ಣಿಗೆ ಬೀಳುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಈ ಸೀಮೆಯನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಬಸ್ಸಿನ ಕಿಟಕಿಯಿಂದ ನೋಡುವ ಪ್ರಯಾಣಿಕನಿಗೆ ನಾಲ್ಕು ಊರುಗಳೂ ಒಂದೇ ಅಚ್ಚಿನವಾಗಿ ತೋರಬಹುದು: ಒಂದು ನಿಲ್ದಾಣ, ಒಂದು ಸಂತೆ, ಒಂದು ಕಚೇರಿ, ನಾಲ್ಕಾರು ಚಹದ ಅಂಗಡಿ. ಆದರೆ ಇಳಿದು ಅರ್ಧ ತಾಸು ಅಡ್ಡಾಡಿದರೆ ಒಂದೊಂದರ ಮೈಕಟ್ಟೂ ಬೇರೆ ಎಂಬುದು ತಿಳಿಯುತ್ತದೆ. ಕಿತ್ತೂರನ್ನು ಕಟ್ಟಿದ್ದು ಕೋಟೆ. ಬೈಲಹೊಂಗಲವನ್ನು ಬೆಳೆಸಿದ್ದು ಪೇಟೆ. ಸವದತ್ತಿಯನ್ನು ನಡೆಸುತ್ತಿರುವುದು ಗುಡ್ಡ. ರಾಮದುರ್ಗವನ್ನು ಹಿಡಿದಿರುವುದು ಹೊಳೆ.

ಯಾವ ಬೀದಿ ಅಗಲವಾಗಿದೆ, ಯಾವುದು ಇರುಕಾಗಿದೆ, ಯಾರ ಮನೆ ಅಗಸಿಯ ಒಳಗಿದೆ, ಯಾರ ಕೇರಿ ಊರ ಹೊರಗುಳಿದಿದೆ, ಇವೆಲ್ಲ ಒಂದಲ್ಲ ಒಂದು ಕಾಲದಲ್ಲಿ ಯಾರೋ ಮಾಡಿದ ನಿರ್ಣಯಗಳು. ಅರಸ, ದೇಸಾಯಿ, ವರ್ತಕ, ಪೂಜಾರಿ, ಕಲೆಕ್ಟರ ಇವರೆಲ್ಲರೂ ತಂತಮ್ಮ ಕಾಲದಲ್ಲಿ ಊರಿನ ನಕ್ಷೆಯ ಮೇಲೆ ಕೈಯಾಡಿಸಿದ್ದಾರೆ. ಈಗ ಆ ಅಧಿಕಾರ ಕಾಯದೆಯ ಪ್ರಕಾರ ನಮ್ಮ ಕೈಗೆ ಬಂದಿದೆ. ಸ್ಮಾರಕಕ್ಕೆಂದು, ಯಾತ್ರಿಕರಿಗೆಂದು, ಪ್ರವಾಸೋದ್ಯಮಕ್ಕೆಂದು ಕೋಟಿಗಟ್ಟಲೆ ಹಣವೂ ಬರುತ್ತಿದೆ. ಅದನ್ನು ಎಲ್ಲಿ ಹಾಕಬೇಕು, ಏತಕ್ಕೆ ಹಾಕಬೇಕು ಎಂಬುದನ್ನು ಹೇಳಬೇಕಾದರೆ ಊರಿನವರು ತಮ್ಮ ಊರಿನ ರಚನೆಯನ್ನು ಓದಬಲ್ಲವರಾಗಬೇಕು. ಆ ಓದಿಗೆ ನೆರವಾಗಲೆಂದು ಇಲ್ಲಿ ಕೆಲವು ಮಾತು.

ಕಿತ್ತೂರಿನಿಂದಲೇ ತೊಡಗೋಣ. ಕಿತ್ತೂರು ದೇಸಾಯರ ಮನೆತನ 1585ರಲ್ಲಿ ನೆಲೆಗೊಂಡಿತೆಂದು ಹೇಳುತ್ತಾರೆ. ಸಾಗರದ ಕಡೆಯಿಂದ ಬಂದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಸಹೋದರರು ಅದರ ಮೂಲಪುರುಷರು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಅಲ್ಲಪ್ಪಗೌಡ ಸರದೇಸಾಯಿಯ ಹೆಸರು ಇಲ್ಲಿಯ ಕೋಟೆ ಅರಮನೆಗಳೊಂದಿಗೆ ಸೇರಿದೆ. ಕೋಟೆಯ ಸುತ್ತ ಕಂದಕ, ನಡುವೆ ಅರಮನೆ, ಅದರ ಹೊರಗೆ ಊರು. ಆಳುವವನು ನಡುವೆ, ಅವನನ್ನು ಆಶ್ರಯಿಸಿದವರು ಸುತ್ತ ಎಂಬ ರಾಜಕಾರಣವೇ ಇಲ್ಲಿ ಕಲ್ಲು ಇಟ್ಟಿಗೆಗಳಲ್ಲಿ ನಿಂತಿದೆ.

ಇಂದು ಅರಮನೆಯ ಮಾಡು ಇಲ್ಲ. ದಪ್ಪ ಗೋಡೆಗಳ ಕೆಳಭಾಗ, ಜಗಲಿಗಳು, ಊಟದ ಸಾಲೆ, ಅಡುಗೆಮನೆ, ನೀರು ಹರಿಸುತ್ತಿದ್ದ ಕೊಳವೆಗಳ ಗುರುತು, ಸ್ನಾನದ ಮನೆ, ಧ್ರುವನಕ್ಷತ್ರವನ್ನು ನೋಡುವುದಕ್ಕೆಂದು ಗೋಡೆಯಲ್ಲಿ ಬಿಟ್ಟ ದುಂಡನೆಯ ಕಿಂಡಿ, ಇಷ್ಟು ಉಳಿದಿವೆ. ಸಾಮಾನ್ಯ ನೋಟಕನಿಗೆ ಇದು ಬರಿಯ ಹಾಳು. ಆದರೆ ಇದೇ ಹಾಳಿನಲ್ಲಿ ಮನೆಯ ಸಂಪೂರ್ಣ ನಕ್ಷೆ ನೆಲದ ಮೇಲೆ ಬರೆದಂತಿದೆ. ಅಡುಗೆಮನೆಯಿಂದ ಊಟದ ಸಾಲೆಗೆ ಹೇಗೆ ಬರುತ್ತಿದ್ದರು, ನೀರು ಎತ್ತಲಿಂದ ಬಂದು ಎತ್ತ ಹೋಗುತ್ತಿತ್ತು, ಹೊರಗಿನವರು ಎಲ್ಲಿಯವರೆಗೆ ಬರಬಹುದಿತ್ತು ಎಂಬುದನ್ನು ಹತ್ತು ವರ್ಷದ ಹುಡುಗನಿಗೂ ತೋರಿಸಬಹುದು.

ಈ ಅರಮನೆಯ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. 1824ರ ಸೆಪ್ಟೆಂಬರದಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡ. ಆತನ ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಅಕ್ಟೋಬರ 23ರಂದು ಕೋಟೆಯ ಬಾಗಿಲಲ್ಲಿ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ ಥ್ಯಾಕರೆ ಮಡಿದ. ವಾಲ್ಟರ್ ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಡಿಸೆಂಬರದ ಆರಂಭದಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಗೆದ್ದುಕೊಂಡಿತು. ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರ ಫೆಬ್ರುವರಿಯಲ್ಲಿ ಆಕೆ ಅಲ್ಲಿಯೇ ದೇಹಬಿಟ್ಟಳು. ಕಿತ್ತೂರಿನಲ್ಲಿ ಸೆರೆಯಾಳಾಗಿದ್ದ ಎಲಿಯಟ್‌ನೇ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ ವಿದ್ವಾಂಸನಾದ ಎಂಬುದನ್ನು ಇಲ್ಲಿ ನೆನೆಯಬಹುದು.

ಯುದ್ಧ ಮುಗಿದ ಮೇಲೂ ಅರಮನೆಯ ಅಳಿವು ಮುಗಿಯಲಿಲ್ಲ. ಒಡೆಯರಿಲ್ಲದ ಮನೆಯ ತೊಲೆ, ಕಂಬ, ಬಾಗಿಲುಗಳು ಒಂದೊಂದಾಗಿ ಕೈ ಬದಲಿಸಿ ಹೋದವು. ಮಾಡು ಹೋದ ಮೇಲೆ ಗೋಡೆ ನಿಲ್ಲುವುದು ಕಷ್ಟ. ನಮ್ಮ ಹಳೆಯ ಗೋಡೆಗಳು ಕಲ್ಲು ಅಥವಾ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಕೂಡಿಸಿ ಕಟ್ಟಿದವು. ಸುಣ್ಣವನ್ನು ಎತ್ತಿನ ಗಾಣದಲ್ಲಿ ಅರೆದು, ದಿನಗಟ್ಟಲೆ ಹದ ಮಾಡಿ ಬಳಸುತ್ತಿದ್ದರು. ಇಂಥ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲಿನಲ್ಲಿ ಅದನ್ನು ಹೊರಗೆ ಬಿಡುತ್ತದೆ. ಆದರೆ ಮೇಲ್ಭಾಗ ತೆರೆದಿದ್ದರೆ ನೀರು ನಡುಗೋಡೆಗೇ ಇಳಿದು ಗಾರೆಯನ್ನು ತೊಳೆಯುತ್ತದೆ. ಹಕ್ಕಿಗಳು ತಂದುಹಾಕಿದ ಅರಳಿಯ ಬೀಜ ಅಲ್ಲಿ ಮೊಳೆತು, ಬೇರು ಗೋಡೆಯನ್ನು ಸೀಳುತ್ತದೆ. ಇದನ್ನು ತಡೆಯಲು ಕೆಲವರು ಸಿಮೆಂಟು ಮೆತ್ತುತ್ತಾರೆ. ಅದು ಮದ್ದಲ್ಲ, ಬೇನೆ. ಸಿಮೆಂಟಿನ ಹಿಂದೆ ಸಿಕ್ಕಿಬಿದ್ದ ತೇವ ಇಟ್ಟಿಗೆಯ ಮೂಲಕವೇ ಹೊರಬೀಳಲು ನೋಡುತ್ತದೆ. ಉಪ್ಪು ಮೇಲೆದ್ದು ಇಟ್ಟಿಗೆ ಹಿಟ್ಟಾಗಿ ಉದುರುತ್ತದೆ. ಗೋಡೆಯ ನೆತ್ತಿಗೆ ಸುಣ್ಣದ ಗಚ್ಚನ್ನೇ ಹಾಕಿ ನೀರು ಇಳಿದುಹೋಗುವಂತೆ ಮಾಡುವುದು, ಸಸಿಗಳನ್ನು ಎಳೆಯದಿರುವಾಗಲೇ ತೆಗೆಯುವುದು, ತಳದಲ್ಲಿ ನೀರು ನಿಲ್ಲದಂತೆ ಗಟಾರ ತೋಡುವುದು, ಇವೇ ನಿಜವಾದ ಚಿಕಿತ್ಸೆ. ಇದು ಸಮಾರಂಭ ಮಾಡಿ ಫಲಕ ಹಾಕುವಂಥ ಕೆಲಸವಲ್ಲ; ಪ್ರತಿ ವರ್ಷ ಮಳೆಗಾಲದ ಮುಂಚೆ ಮಾಡಬೇಕಾದ ಮನೆಗೆಲಸ.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವುಂಟು. 2021ರ ನವೆಂಬರದಲ್ಲಿ ಮುಂಬಯಿ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕ ಎಂದು ಹೆಸರಿಡಲು ರಾಜ್ಯದ ಮಂತ್ರಿಮಂಡಲ ಒಪ್ಪಿತು. ಅದರ ಹಿಂದೆಯೇ ಕಿತ್ತೂರಿನ ಅರಮನೆಯ ಮಾದರಿಯಲ್ಲಿ ಹೊಸದೊಂದು ಅರಮನೆಯನ್ನು ಕಟ್ಟುವ ಯೋಜನೆ ಬಂತು. ಅದಕ್ಕೆ 115 ಕೋಟಿ ರೂಪಾಯಿಗಳ ಅಂದಾಜು. ಸ್ಥಳ ಕಿತ್ತೂರಿನ ಕೋಟೆಯ ಬಳಿಯಲ್ಲ, ಬಚ್ಚನಕೇರಿಯ ಹತ್ತಿರ ಎಂಬ ಸುದ್ದಿ ಹಬ್ಬಿದಾಗ ಕಿತ್ತೂರಿನ ಜನ ಕೆರಳಿದರು. 2023ರ ಆರಂಭದಲ್ಲಿ ಅಂಗಡಿ ಮುಚ್ಚಿ, ಬೀದಿಗಿಳಿದು, ಕಟ್ಟುವುದಾದರೆ ಕಿತ್ತೂರಿನಲ್ಲಿಯೇ ಕಟ್ಟಿರಿ ಎಂದು ಕೇಳಿದರು. ಅವರ ಸಿಟ್ಟು ಸಹಜವಾದದ್ದು. ಅರಮನೆಯ ಹೆಸರು ಒಂದೆಡೆ, ಕಟ್ಟಡ ಇನ್ನೊಂದೆಡೆ ಆದರೆ ನೋಡಬಂದವರು ಊರನ್ನು ಮುಟ್ಟದೆ ಹೋಗುತ್ತಾರೆ; ಚಹದಂಗಡಿಯವನಿಂದ ಹಿಡಿದು ಟಾಂಗಾದ ಬದಲು ಬಂದ ಆಟೋದವನವರೆಗೆ ಎಲ್ಲರಿಗೂ ಅದು ಹೊಟ್ಟೆಯ ಪ್ರಶ್ನೆ.

ಆದರೆ ಎಲ್ಲಿ ಕಟ್ಟಬೇಕು ಎಂಬ ಜಗಳದಲ್ಲಿ ಇನ್ನೊಂದು ಪ್ರಶ್ನೆ ಹಿಂದೆ ಬಿತ್ತು: ಏನನ್ನು ನೋಡಿ ಕಟ್ಟಬೇಕು? ಸ್ಮಾರಕಗಳ ರಕ್ಷಣೆಯ ಬಗ್ಗೆ ಜಗತ್ತಿನ ತಜ್ಞರು 1964ರಲ್ಲಿ ವೆನಿಸ್ ನಗರದಲ್ಲಿ ಸೇರಿ ಒಂದು ಸನ್ನದನ್ನು ಒಪ್ಪಿಕೊಂಡರು. ಅದರ ಸಾರ ಇಷ್ಟು: ಊಹೆ ಎಲ್ಲಿ ಮೊದಲಾಗುತ್ತದೆಯೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಅಗೆತದಲ್ಲಿ ದೊರೆತ ಅವಶೇಷಗಳಲ್ಲಿ ಬಿದ್ದಿರುವ ಕಲ್ಲುಗಳನ್ನು ಅವುಗಳ ಜಾಗದಲ್ಲಿಯೇ ಮತ್ತೆ ಕೂಡಿಸಬಹುದೇ ಹೊರತು ಇಲ್ಲದ್ದನ್ನು ಹೊಸದಾಗಿ ಕಟ್ಟಬಾರದು. ಇದಕ್ಕೆ ಅಪವಾದವೆಂಬಂತೆ ಪೋಲೆಂಡಿನ ವಾರ್ಸಾ ನಗರದ ಉದಾಹರಣೆಯನ್ನು ಕೊಡುವುದುಂಟು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಆ ಊರನ್ನು ನೆಲಸಮ ಮಾಡಿದರು. ಯುದ್ಧದ ಬಳಿಕ ಅಲ್ಲಿಯ ಜನ ಹಳೆಯ ಪೇಟೆಯನ್ನು ಮೊದಲಿನಂತೆಯೇ ಕಟ್ಟಿದರು. 1980ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಆದರೆ ಅವರ ಹತ್ತಿರ ಅಳತೆ ಮಾಡಿ ಬರೆದ ನಕ್ಷೆಗಳಿದ್ದವು, 18ನೆಯ ಶತಮಾನದ ಚಿತ್ರಕಾರ ಬೆಲ್ಲೊತ್ತೊ ಬಿಡಿಸಿದ ಬೀದಿಗಳ ಚಿತ್ರಗಳಿದ್ದವು, ಅಲ್ಲಿ ಬಾಳಿದ ಜನರೂ ಇದ್ದರು. ಕಟ್ಟಿದ್ದು ಅದೇ ನೆಲದ ಮೇಲೆ, ಮತ್ತೆ ಅಲ್ಲಿ ಸಂಸಾರ ಮಾಡುವುದಕ್ಕೆ. ಕಿತ್ತೂರಿನಲ್ಲಿ ನಮಗೆ ಸಾಕ್ಷಿಯಾಗಿ ಇರುವುದು ಉಳಿದ ಗೋಡೆಗಳೇ. ಹೊಸ ಅರಮನೆಯ ಕಮಾನು, ಕಂಬ, ಮಾಡುಗಳನ್ನು ಚಲಚ್ಚಿತ್ರದ ಮಹಲಿನಂತೆ ಕಟ್ಟಿಬಿಟ್ಟರೆ ಮುಂದಿನ ಪೀಳಿಗೆ ಅದನ್ನೇ ಚೆನ್ನಮ್ಮನ ಅರಮನೆಯೆಂದು ನಂಬುತ್ತದೆ. ನಿಜವಾದ ಗೋಡೆ ಪಕ್ಕದಲ್ಲಿ ಮಳೆಗೆ ಕರಗುತ್ತಿರುತ್ತದೆ. ಹೊಸದನ್ನು ಕಟ್ಟುವವರು ಮೊದಲು ಹಳೆಯದಕ್ಕೆ ಎಷ್ಟು ಹಣ ತೆಗೆದಿಟ್ಟಿದ್ದೇವೆ ಎಂಬುದನ್ನು ಊರಿಗೆ ತಿಳಿಸಬೇಕು.

ಕಿತ್ತೂರಿನ ನೆನಪು ಕಿತ್ತೂರಿನಲ್ಲಿ ಮಾತ್ರ ಇಲ್ಲವೆಂಬುದೂ ಮುಖ್ಯ. ಅರಮನೆ ಕಿತ್ತೂರಿನಲ್ಲಿ, ರಾಣಿಯ ಸಮಾಧಿ ಬೈಲಹೊಂಗಲದಲ್ಲಿ, ರಾಯಣ್ಣನ ಹುಟ್ಟೂರು ಬೈಲಹೊಂಗಲ ತಾಲೂಕಿನ ಸಂಗೊಳ್ಳಿ, ಆತನನ್ನು 1831ರಲ್ಲಿ ಗಲ್ಲಿಗೇರಿಸಿದ್ದು ಖಾನಾಪುರ ತಾಲೂಕಿನ ನಂದಗಡದಲ್ಲಿ. ಒಂದೇ ಕಥೆಯ ನಾಲ್ಕು ಅಧ್ಯಾಯಗಳು ನಾಲ್ಕು ಊರುಗಳಲ್ಲಿ ಹಂಚಿಹೋಗಿವೆ. ಒಂದನ್ನು ಬೆಳಗಿಸಿ ಮೂರನ್ನು ಕತ್ತಲಲ್ಲಿಟ್ಟರೆ ಕಥೆ ಪೂರ್ಣವಾಗುವುದಿಲ್ಲ. ಈ ಊರುಗಳನ್ನು ಕೂಡಿಸುವ ಒಳ್ಳೆಯ ರಸ್ತೆ, ಬಸ್ಸು, ದಾರಿಯ ಗುರುತುಕಲ್ಲು, ಇವಕ್ಕೆ ಒಂದು ಹೊಸ ಮಹಲಿಗಿಂತ ಕಡಿಮೆ ಹಣ ಸಾಕು.

ಅರಮನೆ ಬಿದ್ದರೂ ಆ ಕಥೆಯನ್ನು ಬೀಳಗೊಡದೆ ಹಿಡಿದವರು ಲಾವಣಿಕಾರರು. ಡಪ್ಪು, ತುಂತುಣಿ, ತಾಳ ಹಿಡಿದು ಊರೂರಿನ ಅಗಸಿಯ ಮುಂದೆ, ಗುಡಿಯ ಕಟ್ಟೆಯ ಮೇಲೆ ಅವರು ರಾಯಣ್ಣನ ದಂಗೆಯನ್ನು ಹಾಡಿದರು. ಜೆ. ಎಫ್. ಫ್ಲೀಟ್ ಎಂಬ ಅಧಿಕಾರಿ 1885ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನದೂ ಒಂದು. ಯಾವ ಸರಕಾರದ ವಿರುದ್ಧ ರಾಯಣ್ಣ ಎದ್ದನೋ ಆ ಸರಕಾರದ ನೌಕರನೇ ಅವನ ಹಾಡನ್ನು ಬರೆದಿಟ್ಟ! ಗೋಡೆಗೆ ಮಾಡು ಬೇಕಾಗುವಂತೆ ಹಾಡಿಗೆ ಬಯಲು ಬೇಕು. ಊರ ನಡುವಿನ ತೆರಪಿನ ಜಾಗ ಹೋದರೆ ಹಾಡುವವನು ಎಲ್ಲಿ ನಿಲ್ಲಬೇಕು, ಕೇಳುವವರು ಎಲ್ಲಿ ಕೂಡಬೇಕು?

ಈ ಪ್ರಶ್ನೆಯನ್ನು ಬೈಲಹೊಂಗಲದಲ್ಲಿ ಕೇಳುವುದು ಹೆಚ್ಚು ಸರಿ. ಅದು ಹತ್ತಿಯ ಊರು. 1861ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧ ಹತ್ತಿದಾಗ ಇಂಗ್ಲಂಡಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಧಾರವಾಡ, ಬೆಳಗಾವಿ ಸೀಮೆಯ ಹತ್ತಿಗೆ ಬೆಲೆ ಏರಿತು. ಕುಮಟಾ ಬಂದರಿನಿಂದ ಹಡಗೇರುತ್ತಿದ್ದ ಕಾರಣ ಈ ಹತ್ತಿಗೆ ಹೊರದೇಶಗಳಲ್ಲಿ ಕುಮಟಾ ಹತ್ತಿಯೆಂದೇ ಹೆಸರು. ಹತ್ತಿಯ ಪೇಟೆಗೆ ಬೇಕಾದ ರಚನೆಯೇ ಬೇರೆ. ಹೇರಿದ ಚಕ್ಕಡಿ ತಿರುಗುವಷ್ಟು ಅಗಲವಾದ ಓಣಿ, ತೂಗುವುದಕ್ಕೆ ಅಡತಿ ಅಂಗಡಿಯ ಮುಂದೆ ಕಟ್ಟೆ, ಎತ್ತುಗಳಿಗೆ ನೀರು, ರೈತ ರಾತ್ರಿ ಕಳೆಯಲು ಚಾವಡಿ. ಈ ಕಟ್ಟೆ ಚಾವಡಿಗಳೇ ಸಂಜೆ ನಾಟಕದ ರಂಗವಾಗುತ್ತಿದ್ದವು. ಸಂಗ್ಯಾ ಬಾಳ್ಯಾ ಎಂಬ ಸಣ್ಣಾಟದ ಕಥೆ ಬೈಲಹೊಂಗಲದಲ್ಲಿಯೇ ನಡೆದದ್ದೆಂದು ಜನ ಹೇಳುತ್ತಾರೆ. ವ್ಯಾಪಾರಕ್ಕೆಂದು ಊರು ಬಿಟ್ಟುಹೋದ ಈರ್ಯಾ, ಅವನ ಹೆಂಡತಿ ಗಂಗಾ, ಆಕೆಯ ಮೇಲೆ ಕಣ್ಣಿಟ್ಟ ಸಂಗ್ಯಾ, ಗೆಳೆಯ ಬಾಳ್ಯಾ. ದುಡ್ಡು, ಗೆಳೆತನ, ದ್ರೋಹ. ಪೇಟೆಯ ಊರಿನಲ್ಲಿ ಮಾತ್ರ ಹುಟ್ಟಬಹುದಾದ ಆಟವಿದು. ಅದಕ್ಕೆ ಪರದೆ ಬೇಡ, ಮಹಲು ಬೇಡ. ನಾಲ್ಕು ಕಡೆಯಿಂದ ಕಾಣುವ ಎತ್ತರದ ಕಟ್ಟೆ ಸಾಕು. 103 ವರ್ಷ ಬಾಳಿ 2017ರಲ್ಲಿ ತೀರಿಕೊಂಡ ನಟ ಏಣಗಿ ಬಾಳಪ್ಪನವರು ಬಂದದ್ದು ಇದೇ ಸೀಮೆಯ ಏಣಗಿ ಎಂಬ ಹಳ್ಳಿಯಿಂದ. ಚಕ್ಕಡಿಯ ಜಾಗದಲ್ಲಿ ಈಗ ಲಾರಿಗಳು ನಿಲ್ಲುತ್ತವೆ. ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದು ಕಟ್ಟೆ. ಅದು ಯಾರ ಆಸ್ತಿಯೂ ಅಲ್ಲವಾದ್ದರಿಂದ ಪರಿಹಾರ ಕೇಳುವವರೂ ಇಲ್ಲ.

ಬೈಲಹೊಂಗಲದಿಂದ ಮುಂದೆ ಸವದತ್ತಿ. ಶಾಸನಗಳಲ್ಲಿ ಸುಗಂಧವರ್ತಿ ಎಂದು ಕರೆಸಿಕೊಂಡ ಈ ಊರು ರಟ್ಟರ ಮೊದಲ ರಾಜಧಾನಿ. 13ನೆಯ ಶತಮಾನದ ಆರಂಭದಲ್ಲಿ ಅವರು ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ ಸಾಗಿದರು. ಅವರ ಶಾಸನಗಳನ್ನು ಓದಿ ಅಚ್ಚು ಹಾಕಿಸಿದವನೂ ಆ ಫ್ಲೀಟನೇ. ಊರಿನ ಮೇಲಿನ ಕೋಟೆ 18ನೆಯ ಶತಮಾನದ್ದು, ಶಿರಸಂಗಿ ದೇಸಾಯರ ಮನೆತನದವರು ಕಟ್ಟಿಸಿದ್ದು. ಒಳಗೆ ಕಾಡಸಿದ್ಧೇಶ್ವರನ ಗುಡಿಯಿದೆ. ಈ ಮನೆತನದ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಹುಡುಗರ ವಿದ್ಯಾಭ್ಯಾಸಕ್ಕೆ ಬರೆದಿಟ್ಟರು. ಕೋಟೆ ಕಟ್ಟಿದ ಮನೆತನ ಶಾಲೆಯ ಫೀ ಕಟ್ಟುವ ನಿಧಿಯಾಯಿತು. ಅಧಿಕಾರ ಹೀಗೂ ರೂಪ ಬದಲಿಸಬಹುದು.

ಆದರೆ ಸವದತ್ತಿಗೆ ಜನ ಬರುವುದು ಕೋಟೆಗಲ್ಲ, ಯಲ್ಲಮ್ಮನ ಗುಡ್ಡಕ್ಕೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಕರ್ನಾಟಕ, ಮಹಾರಾಷ್ಟ್ರ, ಆಂಧ್ರಗಳಿಂದ ಲಕ್ಷಗಟ್ಟಲೆ ಭಕ್ತರು ಬರುತ್ತಾರೆ. ಮೊದಲು ಜೋಗುಳಬಾವಿಯಲ್ಲಿ ಸ್ನಾನ, ಆಮೇಲೆ ಗುಡ್ಡ, ಎಣ್ಣೆಹೊಂಡ, ಪಡ್ಡಲಗಿ ತುಂಬಿಸುವುದು. ಚಕ್ಕಡಿಯ ನೆರಳಿನಲ್ಲಿ ಒಲೆ ಹೂಡಿ, ಅಲ್ಲಿಯೇ ಉಂಡು, ಅಲ್ಲಿಯೇ ಮಲಗುವುದು ರೂಢಿ. ಜೋಗತಿಯರ ಚೌಡಿಕೆಯ ಪದಗಳು ಈ ಬಯಲಿನಲ್ಲಿ ರಾತ್ರಿಯೆಲ್ಲ ಕೇಳಿಬರುತ್ತವೆ. ಈ ಹಾಡಿನ ಹಿಂದೆ ನೋವೂ ಉಂಟು: ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯನ್ನು ಕರ್ನಾಟಕ ಸರಕಾರ 1982ರ ಕಾಯದೆಯಿಂದ ನಿಷೇಧಿಸಬೇಕಾಯಿತು. ಪದ್ಧತಿಯನ್ನು ಬಿಡಿಸಿ ಹಾಡುಗಾರಿಕೆಗೆ ಮಾನ ಕೊಡುವುದು ಸಾಧ್ಯ ಎಂಬುದಕ್ಕೆ 2021ರಲ್ಲಿ ಮಂಜಮ್ಮ ಜೋಗತಿಯವರಿಗೆ ಬಂದ ಪದ್ಮಶ್ರೀ ಒಂದು ಸಾಕ್ಷಿ.

ಈ ಗುಡ್ಡದ ಅಭಿವೃದ್ಧಿಗೆಂದು 2024ರಲ್ಲಿ ಕೇಂದ್ರ ಸರಕಾರ 100 ಕೋಟಿ ರೂಪಾಯಿ ಮಂಜೂರು ಮಾಡಿತು. ನೀರು, ಶೌಚಾಲಯ, ಬೆಳಕು, ವಾಹನ ನಿಲುಗಡೆ ಇವೆಲ್ಲ ಬೇಕಾದವೇ. ಆದರೆ ನಕ್ಷೆ ಬರೆಯುವವರು ಒಂದು ಮಾತನ್ನು ಮರೆಯಬಾರದು. ಇಲ್ಲಿಗೆ ಬರುವ ಹೆಚ್ಚಿನವರು ಕೋಣೆಗೆ ಬಾಡಿಗೆ ಕೊಟ್ಟು ಇಳಿದುಕೊಳ್ಳುವವರಲ್ಲ; ಸಂಸಾರ ಸಮೇತ ಬಂದು ಬಯಲಿನಲ್ಲಿ ಬೀಡುಬಿಡುವ ರೈತರು, ಕೂಲಿಕಾರರು. ಬಯಲೆಲ್ಲ ಕಟ್ಟಡವಾದರೆ ಅವರ ಗುಡ್ಡವನ್ನು ಅವರಿಂದಲೇ ಕಸಿದುಕೊಂಡಂತೆ. ಮರದ ನೆರಳು, ನಲ್ಲಿ, ಒಲೆಗೆ ಜಾಗ, ಕಸ ತೆಗೆಯುವ ವ್ಯವಸ್ಥೆ, ಹೆಣ್ಣುಮಕ್ಕಳಿಗೆ ಸ್ನಾನದ ಮರೆ, ಇವು ಯೋಜನೆಯ ಮೊದಲ ಪುಟದಲ್ಲಿರಬೇಕು.

ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಹಾಕಿ ರೇಣುಕಾಸಾಗರ ನಿರ್ಮಾಣವಾಗಿದೆ. ಸುಮಾರು 37.73 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದ ಕೆಳಗಿನ ದಂಡೆಯಲ್ಲಿರುವುದು ರಾಮದುರ್ಗ. ಭಾವೆ ಮನೆತನದ ಈ ಸಂಸ್ಥಾನ 169 ಚದರ ಮೈಲುಗಳಷ್ಟೇ ವಿಸ್ತಾರದ್ದು. ಚಿಕ್ಕದಾದರೂ ರಾಜಧಾನಿಗೆ ಬೇಕಾದ ಅರಮನೆ, ಕಚೇರಿ, ಸೆರೆಮನೆ ಎಲ್ಲ ಇದ್ದವು. 1939ರ ಏಪ್ರಿಲದಲ್ಲಿ ಪ್ರಜೆಗಳು ತಮ್ಮ ಮುಖಂಡರನ್ನು ಬಿಡಿಸಿಕೊಳ್ಳಲು ಸೆರೆಮನೆಗೆ ಮುತ್ತಿಗೆ ಹಾಕಿದರು. ಪೊಲೀಸರು ಪ್ರಾಣ ಕಳಕೊಂಡರು, ಮುಂದೆ ಕೆಲವರು ಗಲ್ಲಿಗೇರಿದರು. 1948ರ ಮಾರ್ಚ್ ತಿಂಗಳಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. ಅರಸನ ಕಚೇರಿ ಇದ್ದ ಊರಿನಲ್ಲಿ ಈಗ ಪುರಸಭೆಯ ಕಚೇರಿಯಿದೆ. ಆ ಸೆರೆಮನೆಯ ಕಥೆಯನ್ನು ಬಲ್ಲವರು ಪುರಸಭೆಯ ಒಂದು ಮತವನ್ನು ಹಗುರಾಗಿ ಕಾಣಲಾರರು.

ರಾಮದುರ್ಗ, ಸುರೇಬಾನ ಕಡೆಗೆ ನೇಕಾರರ ಬೀಡು. ಕುಣಿಮಗ್ಗವೆಂದರೆ ಮನೆಯೊಳಗೆ ನೆಲದಲ್ಲಿ ತೋಡಿದ ತೆಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಮನೆಯೇ ಕಾರಖಾನೆ. 2019ರ ಆಗಸ್ಟದಲ್ಲಿ ಮಳೆ ಮಿತಿಮೀರಿ, ಜಲಾಶಯದಿಂದ ನೀರು ಬಿಟ್ಟಾಗ ಮಲಪ್ರಭೆ ಊರೊಳಗೆ ನುಗ್ಗಿತು. ಹೊಳೆಯ ನೀರು ಮನೆ ಹೊಕ್ಕರೆ ನೇಕಾರನ ಪಾಲಿಗೆ ಮನೆ, ಮಗ್ಗ, ನೂಲು, ಕೂಲಿ ನಾಲ್ಕೂ ಒಂದೇ ರಾತ್ರಿ ಹೋಗುತ್ತವೆ. ಆತನನ್ನು ಎತ್ತರದ ಜಾಗಕ್ಕೆ ಕಳಿಸಬೇಕೆಂದರೆ ಮಲಗುವಷ್ಟು ಕೋಣೆ ಕೊಟ್ಟರೆ ಸಾಲದು, ಮಗ್ಗ ಹೂಡುವ ಪಡಸಾಲೆ ಬೇಕು, ಹಾಸು ಹೂಡಲು ಉದ್ದನೆಯ ಬಯಲು ಬೇಕು. ಇದನ್ನು ಎಂಜಿನಿಯರನಿಗೆ ಹೇಳಬಲ್ಲವನು ನೇಕಾರನೇ.

ಹೇಳುವ ದಾರಿ ಕಾಯದೆಯಲ್ಲಿದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯದೆಯ ಪ್ರಕಾರ ಊರಿನ ಯೋಜನೆಯನ್ನು ಅಂತಿಮಗೊಳಿಸುವ ಮೊದಲು ಜನರ ಮುಂದಿಟ್ಟು ಅವರ ಅಭಿಪ್ರಾಯ ಕೇಳಬೇಕು. ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ಊರಿನ ಯೋಜನೆ ಪುರಸಭೆ, ಪಟ್ಟಣ ಪಂಚಾಯತಿಗಳಿಗೆ ಒಪ್ಪಿಸಬಹುದಾದ ಕೆಲಸಗಳಲ್ಲಿ ಮೊದಲನೆಯದಾಯಿತು. ಆದರೆ ನಕ್ಷೆಯನ್ನು ಕಚೇರಿಯ ಗೋಡೆಗೆ ತೂಗುಹಾಕಿದರೆ ಆಕ್ಷೇಪಣೆ ಕೇಳಿದಂತಾಗುವುದಿಲ್ಲ. ಅದನ್ನು ಸಂತೆಯ ದಿನ ಬಯಲಿಗೆ ತಂದು, ಕನ್ನಡದಲ್ಲಿ ಓದಿ ಹೇಳಿ, ಕಟ್ಟೆಯ ಮೇಲೆ ಕೂತವರ ಮಾತು ಬರೆದುಕೊಳ್ಳಬೇಕು. ಊರಿನವರೂ ಕಟ್ಟಡ ಎದ್ದ ಮೇಲೆ ಬೀದಿಗಿಳಿಯುವುದರ ಬದಲು ನಕ್ಷೆ ಬಂದ ದಿನವೇ ಕೇಳಬೇಕಾದ ಮೂರು ಪ್ರಶ್ನೆಗಳಿವೆ: ಇದು ಯಾರಿಗಾಗಿ? ಇರುವುದನ್ನು ಕೆಡಿಸದೆ ಮಾಡಬಹುದೇ? ಹತ್ತು ವರ್ಷದ ಮೇಲೆ ಇದನ್ನು ಯಾರು ನೋಡಿಕೊಳ್ಳುತ್ತಾರೆ?

ಕೋಟೆಗೆ ಗಚ್ಚು, ಪೇಟೆಗೆ ಕಟ್ಟೆ, ಗುಡ್ಡಕ್ಕೆ ನೆರಳು, ಹೊಳೆಯ ದಂಡೆಯವರಿಗೆ ಎತ್ತರದ ಪಡಸಾಲೆ: ನಾಲ್ಕು ಊರುಗಳು ಕೇಳುತ್ತಿರುವುದು ಇಷ್ಟೇ. ಇವುಗಳಲ್ಲಿ ಯಾವುದೂ ಉದ್ಘಾಟನೆಯ ನಾಡೆಗೆ ನಿಲುಕುವ ಕೆಲಸವಲ್ಲ. ಆದರೆ ಮುಂದಿನ ಮಳೆಗಾಲ ಬರುವ ಮೊದಲೇ ತೊಡಗಬಹುದಾದ ಕೆಲಸಗಳು.